ಹಗೇವಿನ ಮಗ್ಗುಲ ಪೈಪು

ಯಗಟಿಯ ದ್ಯಾಮಮ್ಮ ತಪ್ಪು ಮಾಡಿದಳು ಎಂದು ಯಾರಾದರೂ ಹೇಳಿದ್ದರೆ ಊರಿನಲ್ಲಿ ಒಬ್ಬರೂ ನಂಬುತ್ತಿರಲಿಲ್ಲ. ಕುರಿ ನಡೆಯುವ ನಡಿಗೆ ನೋಡಿ ಅದು ಯಾವಾಗ ಈಯುತ್ತದೆಂದು ಹೇಳುತ್ತಿದ್ದವಳು ಅವಳು. ಹೇಳಿದ್ದು ಸುಳ್ಳಾದರೆ ಕುರಿಯನ್ನೇ ಬೈಯುತ್ತಿದ್ದಳು. ಮನೆ ಕಟ್ಟುವವರು, ಮದುವೆ ಮಾಡುವವರು, ಕೊನೆಗೆ ಒಲೆಗೆ ಮಣ್ಣು ಮೆತ್ತುವವರು ಕೂಡ ಅವಳನ್ನೊಂದು ಮಾತು ಕೇಳದೆ ಮುಂದುವರಿದರೆ ಅವಳಿಗೆ ಆ ದಿನ ಊಟ ಸೇರುತ್ತಿರಲಿಲ್ಲ.

ಆದರೆ ಅವಳು ನಿಜವಾಗಿ ಹೆಸರುವಾಸಿ ನೀರಿನ ವಿಷಯದಲ್ಲಿ. ಹಿರೇನಲ್ಲೂರು ಕಡೆಯಿಂದ ಚಿಕ್ಕಬೀರಪ್ಪನ ಕೈಹಿಡಿದು ಬಂದಾಗಿನಿಂದ ಆ ಮನೆಯಲ್ಲಿ ಒಂದು ಚೊಂಬು ನೀರು ಸುಮ್ಮನೆ ನೆಲಕ್ಕೆ ಬಿದ್ದದ್ದಿಲ್ಲ. ಅಕ್ಕಿ ತೊಳೆದದ್ದು ಎಮ್ಮೆಗೆ, ಪಾತ್ರೆ ತೊಳೆದದ್ದು ಕರಿಬೇವಿಗೆ, ಮೈ ತೊಳೆದದ್ದು ತೆಂಗಿಗೆ. ಮುಖ ತೊಳೆದು ಅಂಗಳಕ್ಕೆ ನೀರು ಚೆಲ್ಲಿದ ನೆಂಟರಿಗೆ ಮುಖ ಒರೆಸಿಕೊಳ್ಳಲೂ ಬಿಡದೆ ಬುದ್ಧಿ ಹೇಳಿದ್ದುಂಟು. ಅಜ್ಜಂಪುರದ ಕಡೆಯಿಂದ ಸೊಸೆಯಾಗಿ ಬಂದ ಮಾಲಿನಿಗೆ ಮೊದಲ ದಿನವೇ ಪಾಠವಾಗಿತ್ತು.

"ಬಚ್ಚಲ ನೀರು ಬೀದಿಗೆ ಬಿಟ್ಟ ಮನೆ ಉದ್ಧಾರ ಆಗಿದ್ದು ಎಲ್ಲಾದ್ರೂ ಕಂಡೀಯೇನೇ?"

"ಇಲ್ಲ ಅತ್ತೆ" ಎಂದಿದ್ದಳು ಮಾಲಿನಿ. ಜಾಣೆ. ಇನ್ನೇನಾದರೂ ಅಂದಿದ್ದರೆ ಪಾಠ ಸಂಜೆಯ ತನಕ ನಡೆಯುತ್ತಿತ್ತು.

ಚಿಕ್ಕಬೀರಪ್ಪ ತೀರಿಹೋದ ಮೇಲೆ ದ್ಯಾಮಮ್ಮನ ಬಲಗೈ ಮಣಿಕಟ್ಟು ಊದಿಕೊಳ್ಳತೊಡಗಿತು. ಬಟ್ಟೆ ಹಿಂಡಲು ಹೋದರೆ ನೋವು ಭುಜದವರೆಗೆ ಹತ್ತುತ್ತಿತ್ತು. ಆದರೂ ತನ್ನ ಸೀರೆಯನ್ನು ಸೊಸೆಗೆ ಮುಟ್ಟಗೊಡಳು, ಎಲ್ಲಿ ನೀರು ಹೆಚ್ಚು ಸುರಿದಾಳೋ ಎಂದು. ಮಗ ತಿಮ್ಮೇಶ ಗೂಡ್ಸ್ ಆಟೋ ಓಡಿಸುವವನು. ಕಡೂರು, ತರೀಕೆರೆ ಎಂದು ಕಾಯಿ, ಕುರಿ ಹೇರಿಕೊಂಡು ತಿರುಗುವವನು. ಮಾತು ಕಡಿಮೆ. ಒಂದು ದಿನ ತರೀಕೆರೆಯಿಂದ ಬರುವಾಗ ಆಟೋದ ಹಿಂದೆ ಒಂದು ವಾಷಿಂಗ್ ಮಿಷನ್ನು ನಿಂತಿತ್ತು.

"ಯಾರ್ದೋ ಇದು?" ಎಂದಳು ದ್ಯಾಮಮ್ಮ.

"ನಿಂದೇ ಕಣವ್ವ."

ಅವಳು ಬಯ್ದಳು. ಬಯ್ದು ಸಾಕಾಗಿ ಮಿಷನ್ನಿನ ಮುಚ್ಚಳ ಎತ್ತಿ ಒಳಗೆ ಇಣುಕಿದಳು. ಇಣುಕಿದ್ದೇ ಸೈ, ಆಮೇಲೆ ಅದರ ಯಜಮಾನಿಕೆಯನ್ನು ಬೇರೆ ಯಾರಿಗೂ ಬಿಟ್ಟುಕೊಡಲಿಲ್ಲ.

ಬಚ್ಚಲಮನೆ ಇಕ್ಕಟ್ಟು. ಹಂಡೆಯ ಪಕ್ಕ ಒಬ್ಬರು ಕೂತರೆ ಇನ್ನೊಬ್ಬರಿಗೆ ಜಾಗವಿಲ್ಲ. ಹೀಗಾಗಿ ಮಿಷನ್ನು ಮುಂದಿನ ಜಗಲಿಯ ಮೂಲೆ ಸೇರಿತು. ಅಂಗಡಿಯಿಂದ ಬಂದ ಮೆಕ್ಯಾನಿಕ್ಕು ಕರೆಂಟು ಕೊಟ್ಟು, ನಲ್ಲಿಯ ಪೈಪು ಕೊಟ್ಟು, ಹಿಂದುಗಡೆಯಿಂದ ಸುರುಳಿ ಸುರುಳಿಯಾದ ಬೂದುಬಣ್ಣದ ಇನ್ನೊಂದು ಪೈಪನ್ನು ಎಳೆದು, "ಒಗೆದ ನೀರು ಇದರಲ್ಲಿ ಆಚೆ ಬರುತ್ತೆ. ಎಲ್ಲಿಗೆ ಬಿಡೋಣ?" ಎಂದು ಕೇಳಿದ.

ದ್ಯಾಮಮ್ಮ ಅಂಗಳದ ಆಚೆ ತುದಿಯ ತೆಂಗಿನಮರ ತೋರಿಸಿದಳು. ಅವನು ನಕ್ಕ.

"ಪೈಪು ಒಂದು ಮಾರುದ್ದ ಇಲ್ಲಮ್ಮ. ಅಲ್ಲಿಗೆ ಮುಟ್ಟಬೇಕು ಅಂದ್ರೆ ಬೇರೆ ಪೈಪು ಸೇರಿಸಬೇಕು. ಸೇರಿಸೋಕೆ ಸರಿಯಾದ ಜಾಯಿಂಟ್ ಬೇಕು, ಎರಡೂ ಕಡೆ ಕ್ಲಾಂಪ್ ಹಾಕಿ ಬಿಗೀಬೇಕು. ನೀರನ್ನ ಒಳಗಿನ ಪಂಪು ತಳ್ಳೋದು. ಉದ್ದ ಆದಷ್ಟೂ ಅದಕ್ಕೆ ಭಾರ. ಜಾಯಿಂಟು ಸಡಿಲ ಇದ್ರೆ ನೀರು ಅಲ್ಲೇ ನುಗ್ಗುತ್ತೆ."

"ಆಯ್ತಪ್ಪ, ನಿನ್ ಕೆಲ್ಸ ಆಯ್ತಲ್ಲ. ಕಾಫಿ ಕುಡ್ದು ಹೊರಡು" ಎಂದಳು ದ್ಯಾಮಮ್ಮ.

ಅವನ ಆಟೋ ತಿರುವು ದಾಟುವ ಮೊದಲೇ ಅವಳು ಎದುರುಮನೆಯ ದಾವೂದ್ ಸಾಬರ ಪಂಕ್ಚರ್ ಅಂಗಡಿಯಲ್ಲಿದ್ದಳು. ಹಳೇ ಸೈಕಲ್ ಟ್ಯೂಬು ಕೇಳಿ ಈಸಿಕೊಂಡಳು. ಟ್ಯೂಬಿನ ಮೇಲೆ ಆ ಸೀಮೆಯವರಿಗೆ ಇರುವ ನಂಬಿಕೆ ದೊಡ್ಡದು. ಮೋಟಾರಿನ ಪೈಪು ಸೋರಿದರೆ ಟ್ಯೂಬು, ನಲ್ಲಿ ಸೋರಿದರೆ ಟ್ಯೂಬು, ಗುದ್ದಲಿಯ ಕಾವು ಸೀಳಿದರೂ ಟ್ಯೂಬು. ದ್ಯಾಮಮ್ಮ ಅದನ್ನು ರಿಬ್ಬನ್ನಿನಂತೆ ಸೀಳಿದಳು. ಮನೆಯಲ್ಲಿದ್ದ ಹಸಿರು ಪೈಪಿನ ಬಾಯನ್ನು ಬಿಸಿನೀರಲ್ಲಿ ಅದ್ದಿ ಮೆದು ಮಾಡಿ, ಬೂದು ಪೈಪಿನ ತುದಿಗೆ ತುರುಕಿ, ಹಲ್ಲುಕಚ್ಚಿ ಟ್ಯೂಬು ಎಳೆದೆಳೆದು ಸುತ್ತಿ ಗಂಟು ಹಾಕಿದಳು. ಮೊದಲ ಸಲ ಮಿಷನ್ನು ಓಡಿಸಿದಾಗ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ನೋಡಿದಳು. ಒಂದು ತೊಟ್ಟು ಸೋರಲಿಲ್ಲ.

ತಿಮ್ಮೇಶ ಅಂಗಳಕ್ಕೆ ಆಟೋ ತಂದರೆ ಪೈಪು ಚಕ್ರಕ್ಕೆ ಸಿಕ್ಕುತ್ತದೆಂದು ನೆಲವನ್ನು ಒಂದು ಗೇಣು ಅಗೆದು ಅದನ್ನು ಹೂತಳು. ಮೇಲೆ ಮಣ್ಣು ತುಳಿದು ಸಗಣಿ ಸಾರಿಸಿದಳು. ಬೂದು ಪೈಪು ಮುಗಿದು ಹಸಿರು ಪೈಪು ಶುರುವಾಗುವ ಜಾಗ, ಅಂದರೆ ಆ ಟ್ಯೂಬು ಕಟ್ಟು, ಜಗಲಿಯಿಂದ ಕೆಳಗಿಳಿದ ಕೂಡಲೇ ಸಿಗುವ ಚಪ್ಪಡಿ ಕಲ್ಲಿನ ಮಗ್ಗುಲಿಗೇ ಬಂತು. ಚಪ್ಪಡಿಯ ಕೆಳಗಿದ್ದದ್ದು ಹಗೇವು.

ಹಗೇವೆಂದರೆ ನೆಲದೊಳಗಿನ ಕಣಜ. ಗಟ್ಟಿ ನೆಲದಲ್ಲಿ ಎರಡಾಳು ಆಳಕ್ಕೆ ತೋಡಿದ ಗುಂಡಿ. ಹೊಟ್ಟೆ ದೊಡ್ಡದು, ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ. ಸುತ್ತ ಹುಲ್ಲು ಒತ್ತಿ ರಾಗಿ ತುಂಬಿ, ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಒಂದು ಹುಳ ಬೀಳುವುದಿಲ್ಲ. ನೀರೊಂದು ಸೋಕಬಾರದು, ಅಷ್ಟೆ. ಈಗೆಲ್ಲ ಹಗೇವು ಇಟ್ಟವರು ಕಡಿಮೆ. ದ್ಯಾಮಮ್ಮನ ಮನೆಯದರಲ್ಲಿ ಅರ್ಧ ರಾಗಿ ಇತ್ತು. ಚಿಕ್ಕಬೀರಪ್ಪ ತಾನೇ ಬೆಳೆದು, ತಾನೇ ತುಂಬಿ, ತಾನೇ ಮುಚ್ಚಿ ಹೋದ ರಾಗಿ. ಹೋದ ವರ್ಷ ಹೊಲದ ರಾಗಿಯೇ ಸಾಕಾಗಿದ್ದರಿಂದ ಅದನ್ನು ತೆಗೆದಿರಲಿಲ್ಲ. ತೆಗೆಯಲು ಅವಳಿಗೆ ಮನಸ್ಸೂ ಇರಲಿಲ್ಲ ಎನ್ನಿ.

"ಅತ್ತೆ, ಕಟ್ಟು ಹಗೇವಿನ ಪಕ್ಕಕ್ಕೇ ಬಂತಲ್ಲ" ಎಂದಳು ಮಾಲಿನಿ.

"ನಂಗೆ ಹಗೇವು ಹೇಳ್ಕೊಡ್ತೀಯೇನೇ? ಟ್ಯೂಬು ಕಟ್ಟಿದ್ದು ಬಿಚ್ಚಿದ್ದುಂಟಾ?"

ಅಲ್ಲಿಗೆ ಆ ಮಾತು ಮುಗಿಯಿತು. ಮಿಷನ್ನು ಓಡಿತು, ಬಟ್ಟೆ ಬೆಳ್ಳಗಾಯಿತು, ಮಣಿಕಟ್ಟಿನ ಊತ ಇಳಿಯಿತು. ತೆಂಗಿನ ಪಾತಿಯಲ್ಲಿ ಕೂತು ಪೈಪಿನ ಬಾಯಿ ನೋಡುವುದು ದ್ಯಾಮಮ್ಮನಿಗೆ ಒಂದು ಚಟವೇ ಆಯಿತು. ಅಲ್ಲಿ ಬರುತ್ತಿದ್ದ ನೀರು ಬಲು ಕಡಿಮೆ. ಅದು ಅವಳಿಗೆ ಎಲ್ಲಿಲ್ಲದ ಹಿಗ್ಗು ತಂದಿತು. ನೀರು ಹಿಡಿಯಲು ಬಂದ ಹೆಂಗಸರ ಮುಂದೆಲ್ಲ, "ನಾನು ಒಗುದ್ರೆ ತೊಟ್ಟಿ ಖಾಲಿ ಆಗ್ತಿತ್ತು ಕಣ್ರೇ. ಈ ಮಿಷನ್ನು ಎರಡು ಕೊಡ ನೀರೂ ಆಚೆ ಬಿಡಲ್ಲ. ಎಷ್ಟು ನಾಜೂಕು ಅಂತೀರಾ" ಎಂದು ಹೇಳಿಕೊಂಡು ಬಂದಳು.

ಮಾಲಿನಿಗೆ ಮಾತ್ರ ಲೆಕ್ಕ ಹತ್ತಲಿಲ್ಲ. "ಒಳಕ್ಕೆ ಹೋಗೋದು ಜಾಸ್ತಿ ಐತೆ ಅತ್ತೆ, ಆಚೆ ಬರೋದು ಕಮ್ಮಿ."

"ಬಟ್ಟೆ ಕುಡೀತದೆ ಕಣೇ."

ಮಾಲಿನಿ ನಕ್ಕಳು. ದ್ಯಾಮಮ್ಮನೂ ನಕ್ಕಳು. ಆಗ ನಗುವಂಥದ್ದೇ ಆಗಿತ್ತು ಅದು.

ಮುಂಗಾರಿಗೆ ಮುಂಚೆ ಮನೆಯೊಳಗಿನ ರಾಗಿ ಡ್ರಮ್ಮಿನ ತಳ ಕಂಡಿತು. ಹಗೇವು ತೆಗೆಯೋಣ ಎಂದಳು ದ್ಯಾಮಮ್ಮ. ಒಂದು ಬೆಳಗ್ಗೆ ತಿಮ್ಮೇಶ ಬಾಡಿಗೆಗೆ ಹೋಗದೆ ಮನೆಯಲ್ಲೇ ಉಳಿದ.

ಹಗೇವು ತೆಗೆಯುವುದಕ್ಕೆ ಒಂದು ಕ್ರಮವುಂಟು. ಚಿಕ್ಕಬೀರಪ್ಪ ಬದುಕಿದ್ದಾಗ ಊರಿನ ಯಾರ ಹಗೇವಿಗಾದರೂ ಇಳಿಯುತ್ತಿದ್ದವನು ಅವನೇ. ಮೇಲೆ ನಿಂತು ಅವನ ಸೊಂಟದ ಹಗ್ಗ ಹಿಡಿಯುತ್ತಿದ್ದವಳು ದ್ಯಾಮಮ್ಮ. ಕಲ್ಲು ಸರಿಸಿ, ಕೈಮುಗಿದು, ಲಾಟೀನು ಹಚ್ಚಿ ಹಗ್ಗ ಕಟ್ಟಿ ಕೆಳಗೆ ಬಿಡುವನು. ದೀಪ ಉರಿಯುತ್ತಿದ್ದರೆ ಇಳಿಯುವನು. ಆರಿಹೋದರೆ "ಇವತ್ತು ಬ್ಯಾಡ" ಎಂದು ಹಗೇವಿನ ಬಾಯಿ ತೆರೆದಿಟ್ಟು ಎದ್ದು ಹೋಗುವನು, ಇನ್ನೊಂದು ದಿನ ಬರುವನು. ಅದು ಯಾಕೆಂದು ಅವನು ಹೇಳಲಿಲ್ಲ, ಇವಳು ಕೇಳಲಿಲ್ಲ. ಭೂಮ್ತಾಯಿಗೆ ಕೊಡಲು ಮನಸ್ಸಿಲ್ಲದ ದಿನ ದೀಪ ಆರಿಸುತ್ತಾಳೆ ಎಂದುಕೊಂಡಿದ್ದಳು. ಹಾಗೆ ಅಂದುಕೊಂಡೇ ಅವಳ ಆಯಸ್ಸೆಲ್ಲ ಆಗಿತ್ತು, ತಪ್ಪೇನೂ ಕಂಡಿರಲಿಲ್ಲ.

ತಿಮ್ಮೇಶ ಹಾರೆ ಹಾಕಿ ಚಪ್ಪಡಿ ಎಬ್ಬಿಸಿದ. ಹಗೇವಿನ ಬಾಯಿಂದ ಬಿಸಿ ಹಬೆ ಮುಖಕ್ಕೆ ರಾಚಿತು. ಹಿಂದೆಯೇ ಹುಳಿ ವಾಸನೆ, ಹಳಸಿದ ಅಂಬಲಿಯ ವಾಸನೆ. ಅದರೊಳಗೆ ಸೋಪಿನ ಪುಡಿಯ ಘಮಲು. ಹಗೇವಿನಲ್ಲಿ ಸೋಪು ಯಾಕೆ ಘಮಘಮಿಸುತ್ತದೆ?

"ದೀಪ ತತ್ತಾರೇ" ಎಂದಳು. ಅಟ್ಟದ ಮೇಲಿನ ಲಾಟೀನಿನ ಗಾಜು ಒಡೆದು ಕಾಲವಾಗಿತ್ತು. ರೇಷನ್ನಿನಲ್ಲಿ ಸೀಮೆಎಣ್ಣೆ ಕೊಡುವುದೂ ನಿಂತುಹೋಗಿತ್ತು. ಮಾಲಿನಿ ಕರೆಂಟು ಹೋದಾಗ ಹಚ್ಚುವ ಚಾರ್ಜರ್ ಲೈಟು ತಂದುಕೊಟ್ಟಳು. ದ್ಯಾಮಮ್ಮ ಗಂಡ ಕಟ್ಟುತ್ತಿದ್ದ ಹಾಗೆಯೇ ಅದಕ್ಕೆ ಹಗ್ಗ ಕಟ್ಟಿ, ಕಣ್ಣಿಗೊತ್ತಿಕೊಂಡು, ಕೆಳಗೆ ಬಿಟ್ಟಳು.

ಬೆಳಕಿನಲ್ಲಿ ಕಂಡದ್ದನ್ನು ನಂಬಲು ಅವಳಿಗೆ ಹೊತ್ತು ಬೇಕಾಯಿತು. ಒಳಗೆ ರಾಗಿಯೇ ಇರಲಿಲ್ಲ. ಬೆಳ್ಳನೆಯ ಮೊಳಕೆ, ಅದರ ಮೇಲೆ ಕಪ್ಪು ಬೂಸ್ಟು, ನಡುನಡುವೆ ಗುಳ್ಳೆ ಏಳುವ ಕೆಸರು. ಪೈಪು ಹೂತ ಕಡೆಯ ಗೋಡೆಯ ಮೇಲೆ ಸೋಪಿನ ನೀರು ಇಳಿದಿಳಿದು ಬಿಳಿಯ ಗೆರೆ ಕಟ್ಟಿತ್ತು. ತಾನು ಸಗಣಿ ಸಾರಿಸಿ ಒಣಗಿದ ನೆಲದ ಮೇಲೆ ರಂಗೋಲಿ ಬಿಡುತ್ತಿದ್ದಾಗ ಅಡಿಯಲ್ಲಿ ಇಷ್ಟು ನಡೆದಿತ್ತು. ಇನ್ನು ನಾಜೂಕಿನ ಮಿಷನ್ನು ಉಳಿಸಿಕೊಟ್ಟ ನೀರು ಎಲ್ಲಿಗೆ ಹೋಯಿತೆಂದು ಯಾರೂ ಹೇಳಬೇಕಾಗಿರಲಿಲ್ಲ.

ಮಾಲಿನಿ ಅತ್ತೆಯ ಮುಖ ನೋಡಿದಳು, ಪೈಪು ಹೂತ ಸಾಲು ನೋಡಿದಳು, ಬಾಯಿ ಬಿಡಲಿಲ್ಲ. ಬಯ್ದಿದ್ದರೆ ದ್ಯಾಮಮ್ಮನಿಗೆ ಎಷ್ಟೋ ಹಗುರವಾಗುತ್ತಿತ್ತು.

"ನಿಮ್ಮಪ್ಪನ ರಾಗಿ ಕಣೋ" ಎಂದಳು ಅವಳು. "ಮೇಲಿಂದು ಹೋಗಿರ್ಬೇಕು. ತಳದ್ದು ಚೆನ್ನಾಗಿದ್ದಾತು. ಇಳ್ದು ಒಂದೀಟು ತೋಡಿ ನೋಡೋ. ತಡ ಮಾಡಿದ್ರೆ ಅದೂ ಹೋಯ್ತದೆ."

ತಿಮ್ಮೇಶ ಬಗ್ಗಿ ನೋಡಿದ. ಹಿಂಜರಿದ. "ಏನೋ ಕೆಟ್ಟ ವಾಸನೆ ಕಣವ್ವ. ಸ್ವಲ್ಪ ಬಿಡಾನಾ?"

"ದೀಪ ಉರೀತೈತಲ್ಲೋ. ಭೂಮ್ತಾಯಿ ಒಪ್ಪವ್ಳೆ. ಇಳಿ."

ಅವನು ಸೊಂಟಕ್ಕೆ ಹಗ್ಗ ಬಿಗಿದು ಮೊರ ಕಂಕುಳಿಗೆ ಸಿಕ್ಕಿಸಿ ಇಳಿದ. ಹಗ್ಗ ದ್ಯಾಮಮ್ಮನ ಕೈಯಲ್ಲಿ, ಹಿಂದೆ ಮಾಲಿನಿ. ಅವನ ತಲೆ ಬಾಯಿಂದ ಕೆಳಗಾಯಿತು. ಕೆಸರಿನಲ್ಲಿ ಕಾಲು ಊರಿದ ಸದ್ದು ಬಂತು.

"ಹೆಂಗೈತೋ?" ಎಂದು ಕೇಳಿದಳು.

"ಬಿಸಿ ಐತೆ ಕಣವ್ವ. ತಲೆ..." ಎಂದ. ಮುಂದೆ ಮಾತಿಲ್ಲ. ಮೊರ ಬಿದ್ದ ಸದ್ದಾಯಿತು. ಹಗ್ಗ ಒಮ್ಮೆಲೇ ಭಾರವಾಗಿ ಕೈಯಿಂದ ಜಾರಿತು, ತುದಿ ಮಾತ್ರ ಮೇಲುಳಿಯಿತು.

ದ್ಯಾಮಮ್ಮ ಬಗ್ಗಿ ನೋಡಿದಳು. ಚಾರ್ಜರ್ ಲೈಟು ಝಗ್ಗನೆ ಉರಿಯುತ್ತಿತ್ತು. ಅದರ ಬೆಳಕಿನಲ್ಲಿ ಮಗ ಮೊಳಕೆಯ ಮೇಲೆ ಮಗ್ಗುಲಾಗಿ ಬಿದ್ದಿದ್ದ, ಬಾಯಿ ತೆರೆದಿತ್ತು. ಅವಳಿಗೆ ಏನೂ ಅರ್ಥವಾಗಲಿಲ್ಲ. ಹಾವು ಕಚ್ಚಿತೇ? ಕಚ್ಚಿದರೂ ಇಷ್ಟು ಬೇಗವೇ? ಕೂಗಿದವಳು ಮಾಲಿನಿ. ಕೂಗುತ್ತಲೇ ಸೀರೆ ಎತ್ತಿ ಕಟ್ಟಿ ಹಗೇವಿನ ಬಾಯಿಗೆ ಕಾಲಿಟ್ಟಳು.

ಎದುರಿನಿಂದ ಓಡಿಬಂದ ದಾವೂದ್ ಸಾಬರು ಅವಳ ರಟ್ಟೆ ಹಿಡಿದು ಆಚೆಗೆ ಎಳೆದರು. "ಇಳೀಬ್ಯಾಡಮ್ಮಾ, ನೀನೂ ಹೋಯ್ತೀಯ. ಹಗ್ಗ ಹಿಡಿ. ಉಮೈರ್, ಬಾರೋ ಬೇಗ."

ಅವರು, ಅವರ ಮಗ ಉಮೈರ್, ಪಕ್ಕದ ಮನೆಯ ಸಿದ್ದಪ್ಪ, ಎಲ್ಲ ಸೇರಿ ಎಳೆದರು. ಬಾಯಿ ಇಕ್ಕಟ್ಟು. ತಿಮ್ಮೇಶನ ಭುಜ ಕಲ್ಲಿಗೆ ಸಿಕ್ಕಿಕೊಂಡಿತು. ಬಿಟ್ಟು ಮತ್ತೆ ಎಳೆದರು. ಹೊರಗೆ ಬಂದಾಗ ಅವನ ತುಟಿ ನೇರಳೆಹಣ್ಣು ತಿಂದಂತಿತ್ತು. ಉಸಿರಿರಲಿಲ್ಲ. ದಾವೂದ್ ಸಾಬರು ಅಂಗಾತ ಮಲಗಿಸಿ ಎದೆ ಒತ್ತತೊಡಗಿದರು. ದ್ಯಾಮಮ್ಮ ಮಗನ ಪಾದ ಹಿಡಿದು ಕೂತಳು. ಪಾದ ಬೆಚ್ಚಗಿತ್ತು, ಅದು ರಾಗಿಯ ಕಾವೋ ಜೀವದ ಕಾವೋ ತಿಳಿಯಲಿಲ್ಲ.

ಒತ್ತುತ್ತಲೇ ಅವರು ಕೇಳಿದರು. "ಇಳ್ಸೋಕೆ ಮುಂಚೆ ದೀಪ ಬಿಟ್ಟು ನೋಡ್ಲಿಲ್ವಾ ಅಕ್ಕ?"

"ಬಿಟ್ಟೆ ಕಣಣ್ಣ. ಚೆನ್ನಾಗಿ ಉರೀತಿತ್ತು. ಈಗ್ಲೂ ಉರೀತೈತೆ, ನೋಡು ಬೇಕಾದ್ರೆ."

ಸಿದ್ದಪ್ಪ ಬಗ್ಗಿ ನೋಡಿ, ಹಾಗೆಯೇ ಹಿಂದಕ್ಕೆ ಸರಿದು, "ಚಾರ್ಜರ್ ಲೈಟು ಸಾಬ್ರೆ" ಎಂದ.

ದಾವೂದ್ ಸಾಬರ ಕೈ ಒಂದು ಗಳಿಗೆ ನಿಂತಿತು, ಮತ್ತೆ ಒತ್ತತೊಡಗಿತು. "ಬೆಂಕಿಗೆ ಉಸಿರು ಬೇಕಕ್ಕ" ಎಂದರು ಮೆಲ್ಲಗೆ. "ಒಳಗೆ ಒಳ್ಳೇ ಗಾಳಿ ಇಲ್ದಿದ್ರೆ ಬೆಂಕಿ ಆರ್ತದೆ, ಆಗ ಮನುಷ್ಯ ಇಳೀಬಾರ್ದು ಅಂತ. ಅದಕ್ಕೇ ಲಾಟೀನು ಬಿಡ್ತಿದ್ದಿದ್ದು. ಬ್ಯಾಟ್ರಿಗೆ ಉಸಿರು ಯಾಕೆ ಬೇಕು? ಅದು ಎಲ್ಲಿದ್ರೂ ಉರೀತದೆ."

ದ್ಯಾಮಮ್ಮನಿಗೆ ಆ ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲು ತಡವಾಯಿತು. ಎಷ್ಟು ವರ್ಷ ಆ ಬಾಯಿಯ ಮೇಲೆ ನಿಂತು ಹಗ್ಗ ಹಿಡಿದಿದ್ದಳು. ದೀಪ ಆರಿದ ದಿನಗಳಲ್ಲಿ ಗಂಡ ಸುಮ್ಮನೆ ಎದ್ದು ಹೋದಾಗ, ಸೋಮಾರಿ ಎಂದು ಎಷ್ಟು ಸಲ ಬಯ್ದಿದ್ದಳು. ಅವನು ಆಗೆಲ್ಲ ಸಾವಿನ ಬಾಯಿಂದ ಎದ್ದು ಹೋಗುತ್ತಿದ್ದ. ಇವಳು ಅದೇ ಬಾಯಿಗೆ ಮಗನನ್ನು ತಾನಾಗಿಯೇ ಇಳಿಸಿದ್ದಳು. ಅವನು ಬೇಡವೆಂದರೂ ಇಳಿಸಿದ್ದಳು. ಮೊದಲು ನೀರು ಬಿಟ್ಟು ರಾಗಿ ಕೊಳೆಸಿ ಆ ಗುಂಡಿಯಲ್ಲಿ ವಿಷ ಎಬ್ಬಿಸಿದವಳೂ ತಾನೇ, ಆಮೇಲೆ ಹೋಗು ಎಂದವಳೂ ತಾನೇ. ಇಷ್ಟು ಅಚ್ಚುಕಟ್ಟಾಗಿ ಯಾವ ಶತ್ರುವೂ ಯೋಚಿಸಿ ಮಾಡಲಾರ.

ತಿಮ್ಮೇಶನ ಗಂಟಲಿನಲ್ಲಿ ಗೊರ್ ಎಂದಿತು. ಎದೆ ಎತ್ತಿ ಒಂದು ಉಸಿರು ಎಳೆದುಕೊಂಡ, ಹರಿದ ಬಟ್ಟೆ ಎಳೆದಂಥ ಸದ್ದು. ಅವನದೇ ಆಟೋದ ಹಿಂದೆ ಕಂಬಳಿ ಹಾಸಿ ಮಲಗಿಸಿಕೊಂಡು ಉಮೈರ್ ಕಡೂರಿಗೆ ಹೊಡೆದ.

ಮಾಲಿನಿಯ ತೊಡೆಯ ಮೇಲೆ ಗಂಡನ ತಲೆ. ದ್ಯಾಮಮ್ಮ ಎದುರಿಗೆ. ಅವನ ಕೂದಲಿಗೆ, ಹುಬ್ಬಿಗೆ, ಅಂಗಿಗೆ ಬೆಳ್ಳನೆಯ ರಾಗಿ ಮೊಳಕೆ ಅಂಟಿಕೊಂಡಿದ್ದವು. ದ್ಯಾಮಮ್ಮ ಒಂದೊಂದನ್ನೇ ಆರಿಸಿ ತೆಗೆಯುತ್ತಿದ್ದಳು. ರಸ್ತೆಯ ಗುಂಡಿಗೆ ಆಟೋ ಎಗರಿದಾಗೆಲ್ಲ ಅವನ ಮೂಗಿನ ಹತ್ತಿರ ಬೆರಳಿಟ್ಟು ನೋಡುತ್ತಿದ್ದಳು. ಒಮ್ಮೆ ಮಾಲಿನಿ ಅತ್ತೆಯ ಕೈಯನ್ನು ಅವನ ಮುಖದಿಂದ ಸರಿಸಿದಳು. ಒರಟಾಗಿ ಏನಲ್ಲ, ಸರಿಸಿದಳು ಅಷ್ಟೆ. ದ್ಯಾಮಮ್ಮ ಕೈಯನ್ನು ಮಡಿಲಲ್ಲಿಟ್ಟುಕೊಂಡಳು. ಸೊಸೆಯ ಆ ಹಕ್ಕನ್ನು ಅವಳು ಒಪ್ಪಿದಳು.

ಆಸ್ಪತ್ರೆಯಲ್ಲಿ ಅವನ ಮೂಗು ಬಾಯಿಗೆ ಆಕ್ಸಿಜನ್ ಮಾಸ್ಕು ಹಾಕಿದರು. ಏನಾಯಿತೆಂದು ಡಾಕ್ಟರು ಕೇಳಿದಾಗ ಮಾಲಿನಿ ಅತ್ತೆಯ ಕಡೆ ನೋಡಿದಳು. ದ್ಯಾಮಮ್ಮ ಮಿಷನ್ನಿನಿಂದ ಶುರುಮಾಡಿದಳು. ಪೈಪು, ಟ್ಯೂಬು, ಹಗೇವು, ದೀಪ, ಒಂದನ್ನೂ ಬಿಡಲಿಲ್ಲ. ತನ್ನ ತಪ್ಪನ್ನು ಹೇಳಿ ಅಭ್ಯಾಸವಿಲ್ಲದ ಬಾಯಿ, ಅಲ್ಲಲ್ಲಿ ತೊದಲಿತು. ಡಾಕ್ಟರು ಕೇಳುತ್ತ ಕೇಳುತ್ತ ಕನ್ನಡಕ ತೆಗೆದು, "ಇನ್ನೊಂದು ಸ್ವಲ್ಪ ಹೊತ್ತು ಒಳಗಿದ್ದಿದ್ದರೆ ನಾವೇನೂ ಮಾಡೋ ಹಾಗಿರಲಿಲ್ಲ. ಎಚ್ಚರ ಆಗಲಿ, ನೋಡೋಣ" ಎಂದು ಹೋದರು.

ಸಂಜೆಯವರೆಗೆ ಅವನಿಗೆ ಎಚ್ಚರವಾಗಲಿಲ್ಲ. ಬೆಳಗಿನಿಂದ ಒಂದು ಹನಿ ಕುಡಿಯದೆ ದ್ಯಾಮಮ್ಮ ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತಿದ್ದಳು. ಹೊರಗೆ ಯಾರೋ ನಲ್ಲಿ ನಿಲ್ಲಿಸದೆ ಹೋಗಿದ್ದರು, ನೀರು ಸುಮ್ಮನೆ ಸುರಿಯುತ್ತಿತ್ತು. ಅವಳು ಅದನ್ನು ಕೇಳಿಸಿಕೊಂಡಳು, ಏಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ತಿಮ್ಮೇಶ ಕಣ್ಣು ಬಿಟ್ಟ. ಮಾಲಿನಿಯನ್ನು ಗುರುತು ಹಿಡಿದ. ಆಮೇಲೆ ಕಣ್ಣು ತಾಯಿಯನ್ನು ಹುಡುಕಿತು. ದ್ಯಾಮಮ್ಮ ಮಂಚ ಹಿಡಿದುಕೊಂಡು ಎದ್ದು ನಿಂತಳು. ಅವನು ಬಾಯಿ ಮೇಲಿನ ಮಾಸ್ಕನ್ನು ಸರಿಸಲು ನೋಡಿದ, ದನಿ ಕೀರಲಾಗಿ ಬಂತು.

"ಅವ್ವ, ನೀನು ದೀಪ ಬಿಟ್ಟಿದ್ದೆಯಲ್ಲ. ಅದಕ್ಕೇ ಧೈರ್ಯವಾಗಿ ಇಳ್ದೆ. ನಡುವೆ ಆರೋಯ್ತಾ?"

ಅವನ ಕಣ್ಣಲ್ಲಿ ತಾಯಿಯ ಮೇಲಿನ ನಂಬಿಕೆ ಬೆಳಗ್ಗೆ ಹೇಗಿತ್ತೋ ಹಾಗೆಯೇ ಇತ್ತು. ಹೂಂ ಆರಿತು ಎಂದರೆ ಸಾಕು, ಅವನು ನಂಬುತ್ತಿದ್ದ. ಮಾಲಿನಿ ತಲೆ ಎತ್ತಿ ಅತ್ತೆಯನ್ನೇ ನೋಡಿದಳು.

"ಇಲ್ಲ ಕಣಪ್ಪ" ಎಂದಳು ದ್ಯಾಮಮ್ಮ. "ಅದು ಇನ್ನೂ ಉರೀತಾನೇ ಐತೆ."